ಬುಡಸಮೇತ ಒರೆಸಿದ ಲ್ಯಾಪ್‌ಟಾಪ್

ಹಫ್ಸತ್ ಟೀಚರ್ ಪೆನ್‌ಡ್ರೈವ್ ತೆಗೆದು ಲ್ಯಾಪ್‌ಟಾಪಿಗೆ ಸಿಕ್ಕಿಸುವಷ್ಟರಲ್ಲಿ ಡೆಲ್ನ ಎದ್ದು ಹೋಗಿ ಕಿಟಕಿ ಮುಚ್ಚಿದಳು. ಹೊರಗಿದ್ದದ್ದು ಟೀಚರ ಕೋಳಿಗೂಡು, ಎರಡು ಬಾಳೆಗಿಡ, ಕೊಡುಂಗಲ್ಲೂರಿನ ಮೋಡ ಕವಿದ ಭಾನುವಾರ. ನೋಡುವವರು ಯಾರೂ ಇರಲಿಲ್ಲ. ಆದರೂ ಮುಚ್ಚಿದಳು.

“ನನ್ನ ಈ ಸೆಖೆಯಲ್ಲಿ ಬೇಯಿಸೋದಿದ್ರೆ ಮೊದ್ಲೇ ಹೇಳ್ಬಾರದಾ? ಮಸಾಲೆ ಹಚ್ಕೊಂಡು ಕೂತಿರ್ತಿದ್ದೆ,” ಅಂದರು ಟೀಚರ್.

ಡೆಲ್ನಳಿಗೆ ನಗು ಬರಲಿಲ್ಲ. ಗಂಡ ಸಿಜೋನ ಮನೆ ಬಿಟ್ಟು ತಾಯಿ ಅಮ್ಮಚ್ಚಿಯ ಮನೆ ಸೇರಿದಂದಿನಿಂದ ಅವಳ ನಗು ಎಲ್ಲೋ ಅಡಗಿ ಕೂತಿತ್ತು. ಸಿಜೋ ಊರವರ ಮನೆಗಳಿಗೆ ಕ್ಯಾಮೆರಾ ಹಾಕಿಕೊಡುವವನು. ಮೆತ್ತಗೆ ಮಾತಾಡುವವನು. ಅವಳ ಮುಂಗೈ ಮುರಿದ ದಿನವೂ ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ಮೆತ್ತಗೇ, “ಅಡುಗೆಮನೆಯಲ್ಲಿ ಜಾರಿದಳು” ಅಂದಿದ್ದ. ಈಗಲೂ ವಾರಕ್ಕೊಮ್ಮೆ ತಾಯಿಮನೆಯ ಎದುರಿನ ಅಂಗಡಿಯಲ್ಲಿ ಬೈಕು ನಿಲ್ಲಿಸಿ, ಚಹಾ ಕುಡಿದು, ಇವರ ಗೇಟಿನ ಕಡೆ ನೋಡಿ ಹೋಗುತ್ತಿದ್ದ. ಬೈಗುಳವಿಲ್ಲ, ಕೂಗಾಟವಿಲ್ಲ. ಹೀಗೆ ಹೆದರಿಸುವವನ ಮೇಲೆ ಯಾವ ಠಾಣೆಯಲ್ಲಿ ಏನಂತ ಬರೆಸುವುದು?

ಅವನಿಗೆ ತಿಳಿಯದ ಒಂದು ಊರಿಗೆ ಹೋಗಿಬಿಡಬೇಕು, ಅವಳಿಗೆ ಬೇಕಾದದ್ದು ಅಷ್ಟೇ. ಮೊದಲು ಕೋಳಿಕ್ಕೋಡಿನಲ್ಲಿ ಹಾಸ್ಟೆಲ್ ಹಿಡಿದಳು. ಬಸ್ಸಿಳಿದು ಹೋದರೆ ಹಾಸ್ಟೆಲಿನ ಬಾಗಿಲಲ್ಲಿ ಸಿಜೋ ನಿಂತಿದ್ದ. “ಚೀಲ ಭಾರ ಇದೆ, ಕೊಡು” ಅಂದ. ಅಲ್ಲಿಂದ ಬಂದವಳೇ ಫೋನು ಬಿಸಾಕಿ, ಬರೀ ಗುಂಡಿಯ ಡಬ್ಬಾ ಫೋನು, ಹೊಸ ನಂಬರು ಮಾಡಿಕೊಂಡಳು. ಲ್ಯಾಪ್‌ಟಾಪನ್ನು ಹಫ್ಸತ್ ಟೀಚರಿಗೆ ಕೊಟ್ಟು, ಇದ್ದದ್ದೆಲ್ಲ ಅಳಿಸಿ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸಿದಳು. ಟೀಚರ್ ಅವಳು ಕೆಲಸ ಮಾಡುವ ಶಾಲೆಯಲ್ಲೇ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವವರು. ಆಮೇಲೆ ಪಾಲಕ್ಕಾಡಿನಲ್ಲಿ ಕೆಲಸ ಹುಡುಕಿದಳು. ಬಟ್ಟೆ ಜೋಡಿಸುವ ಮೊದಲೇ ಹೊಸ ನಂಬರಿಗೇ ಮೆಸೇಜು ಬಂತು: “ಪಾಲಕ್ಕಾಡಿನ ಬಿಸಿಲಿಗೆ ಕಪ್ಪಗಾಗ್ತೀಯ.”

ಮದುವೆಯ ಹೊಸತರಲ್ಲಿ ಲ್ಯಾಪ್‌ಟಾಪ್ ತಂದು, ಬಿಚ್ಚಿ, ಎಲ್ಲ ಹಾಕಿಕೊಟ್ಟವನು ಅವನೇ. ಹಾಗಾದರೆ ಅವನು ಸೇರಿಸಿಟ್ಟ ಕಳ್ಳ ಇನ್ನೂ ಅದರ ಒಳಗೇ ಕೂತಿದ್ದಾನೆ.

“ಮನೆ ಕೆಡವಿ ಹೊಸದು ಕಟ್ಟಿದ್ವಿ, ಅಡಿಪಾಯ ಅವನದ್ದೇ ಉಳೀತು,” ಎಂದು ವಿವರಿಸಿದ್ದರು ಟೀಚರ್. “ಅದಕ್ಕೆ ಫರ್ಮ್‌ವೇರ್ ಅಂತಾರೆ. ಮೆಷೀನು ಕಣ್ಣು ಬಿಡೋವಾಗ ಮೊದಲು ಏಳೋದು ಅದೇ. ಅಲ್ಲೇನಾದ್ರೂ ಸೇರ್ಸಿದ್ರೆ ಮೇಲೆ ಎಷ್ಟು ತೊಳೆದ್ರೂ ಹೋಗಲ್ಲ. ಈ ಸಲ ಅದನ್ನೂ ಬದಲಾಯಿಸೋಣ.”

ಈಗ ಪರದೆಯ ಮೇಲೆ ಬಿಳಿ ಅಕ್ಷರಗಳು ಓಡಿದವು. ಟೀಚರ್ ಒಂದು ಗುಂಡಿ ಒತ್ತಿ ಕೈ ಹಿಂದಕ್ಕೆ ಎಳೆದುಕೊಂಡರು.

“ಇನ್ನು ಯಾರೂ ಮುಟ್ಟೋ ಹಾಗಿಲ್ಲ. ಇದರ ಬ್ಯಾಟರಿ ಸತ್ತಿದೆ. ನಡುವೆ ಕರೆಂಟ್ ಹೋದ್ರೆ ಇದು ಬರೀ ಇಟ್ಟಿಗೆ.”

“ಇನ್ವರ್ಟರ್ ಇದೆಯಲ್ಲ ಟೀಚರ್?”

“ಇದೆ. ನನ್ನ ಗಂಡನ ಹಾಗೆ. ಬೇಕಾದಾಗ ಏಳತ್ತೋ ಇಲ್ವೋ ಹುಟ್ಟಿಸಿದವನೇ ಬಲ್ಲ.”

ಪರದೆ ಕಪ್ಪಾಯಿತು. ಒಳಗಿನ ಫ್ಯಾನು ಮಾತ್ರ ಜೋರಾಗಿ ತಿರುಗತೊಡಗಿತು. ದೂರದಲ್ಲೆಲ್ಲೋ ಗುಡುಗಿತು, ಟ್ಯೂಬ್‌ಲೈಟು ಒಮ್ಮೆ ಮಿಟುಕಿತು. ಡೆಲ್ನ ಎರಡೂ ಕೈಯಲ್ಲಿ ಕುರ್ಚಿ ಹಿಡಿದುಕೊಂಡಳು. ಆ ಕಪ್ಪು ಗಾಜಿನ ಆಚೆಯಿಂದ ಅವನು ತನ್ನನ್ನೇ ನೋಡುತ್ತಿದ್ದಾನೆ ಎನಿಸಿತು. ಹುಚ್ಚು ಎನ್ನಿ ಬೇಕಾದರೆ. ಹೆದರಿದವರಿಗೆ ಎಲ್ಲವೂ ಕಣ್ಣೇ.

ಅಷ್ಟರಲ್ಲಿ ಅವಳ ಫೋನು ಕುಯ್ಯೆಂದಿತು.

ಮೆಸೇಜು ಚಿಕ್ಕದಿತ್ತು. “ಮರಯೂರಿನ ಬೆಲ್ಲ ಭಾರಿ ಚೆನ್ನಾಗಿರತ್ತಂತೆ. ಹೋದಾಗ ನಂಗೂ ಎರಡು ಉಂಡೆ ಕಟ್ಟಿಸು.”

ಡೆಲ್ನ ಫೋನನ್ನು ಟೀಚರ ಮುಂದೆ ಹಿಡಿದಳು. ಟೀಚರ್ ಓದಿದರು, ಕಪ್ಪು ಪರದೆ ನೋಡಿದರು, ಮತ್ತೆ ಓದಿದರು.

“ಇದು ಸತ್ತು ಬಿದ್ದಿದೆ, ಮೋಳೇ, ಮಗಳೇ. ಇದ್ರಿಂದ ಸುದ್ದಿ ಹೋಗಿರಕ್ಕೆ ಸಾಧ್ಯಾನೇ ಇಲ್ಲ. ಮರಯೂರ್ ಅಂತ ಇದರಲ್ಲಿ ಯಾವಾಗ ಟೈಪ್ ಮಾಡಿದ್ದೆ?”

ಯಾವಾಗಲೂ ಇಲ್ಲ. ಈ ಸಲ ಒಂದಕ್ಷರ ಎಲ್ಲೂ ಬರೆದಿರಲಿಲ್ಲ. ಅವಳಿಗೆ ಕೆಲಸ ಕೊಟ್ಟ ಮರಯೂರಿನ ಶಾಲೆ ನಡೆಸುವ ಸನ್ಯಾಸಿನಿ, ಸಿಸ್ಟರ್, ಇಗರ್ಜಿಯ ಪ್ರಾರ್ಥನೆಗೆ ಬಂದಿದ್ದಾಗ ಎದುರುಬದುರು ನಿಂತು ಮಾತಾಡಿ ಮುಗಿಸಿದ್ದಳು. ಡೆಲ್ನ ತಲೆಯೆತ್ತಿ ಟೀಚರ ಮುಖ ನೋಡಿದಳು. ಎರಡು ಸಲವೂ ಪೆನ್‌ಡ್ರೈವ್ ತಯಾರು ಮಾಡಿದ್ದು ಇವರೇ. ಹೊಸ ನಂಬರೂ ಇವರಿಗೆ ಗೊತ್ತು.

“ಹಾಗೆ ನೋಡ್ಬೇಡ ನನ್ನ,” ಟೀಚರ ದನಿ ಗಡುಸಾಯಿತು. “ಬೆಟ್ಟದ ಕಡೆ ಕೆಲಸ ಸಿಕ್ತು ಅಂದೆ. ಊರಿನ ಹೆಸರು ನಂಗೆ ಹೇಳಿದ್ಯಾ?”

“ಇಲ್ಲ.”

“ಮತ್ತೆ ಯಾರಿಗೆ ಹೇಳಿದೆ?”

ಬೆಳಿಗ್ಗೆ ಡೆಲ್ನ, ತಿಂಡಿಗೆ ಅಪ್ಪಂ ಬೇಯಿಸುತ್ತಿದ್ದ ಅಮ್ಮಚ್ಚಿಯ ಪಕ್ಕ ನಿಂತು, ಕಿವಿಯ ಹತ್ತಿರ ಬಗ್ಗಿ ಹೇಳಿದ್ದಳು. ಕೈ ಮುರಿದಾಗ ಆಟೋ ಮಾಡಿಕೊಂಡು ಬಂದು, ಅಳುತ್ತಲೇ ಅವಳನ್ನು ಆ ಮನೆಯಿಂದ ಕರೆತಂದ ಅಮ್ಮಚ್ಚಿ. ಕೋಳಿಕ್ಕೋಡೂ ಅವಳಿಗೆ ಗೊತ್ತಿತ್ತು. ಪಾಲಕ್ಕಾಡೂ ಗೊತ್ತಿತ್ತು.

ಇರಲಾರದು ಅನ್ನುತ್ತಲೇ ಡೆಲ್ನ ಮನೆಗೆ ಫೋನು ಮಾಡಿದಳು.

“ಅಮ್ಮಚ್ಚೀ, ಮರಯೂರಿನ ಕೆಲಸ ಆಗ್ಲಿಲ್ಲ. ಸಿಸ್ಟರ್ ಪೊನ್ನಾನಿಯಲ್ಲಿ ಬೇರೆ ಶಾಲೆ ಹೇಳಿದಾರೆ. ಅಲ್ಲಿಗೇ ಹೋಗ್ತೀನಿ.”

“ಅಯ್ಯೋ, ಒಳ್ಳೇದೇ ಆಯ್ತು ಮೋಳೇ! ಆ ಕಾಡಲ್ಲಿ ಒಬ್ಬಳೇ ಇರ್ತೀಯಲ್ಲ ಅಂತ ನಂಗೆ ಸಂಕಟ ಆಗ್ತಿತ್ತು. ಊಟಕ್ಕೆ ಬಂದ್ಬಿಡು.”

ಫೋನು ಮೇಜಿನ ಮೇಲಿಟ್ಟು ಇಬ್ಬರೂ ಕೂತರು. ಮೆಸೇಜು ಬರದಿರಲಿ, ದೇವಮಾತೆಯೇ, ಬರದಿರಲಿ ಎಂದು ಡೆಲ್ನ ಬೇಡಿಕೊಂಡಳು. ಕಳ್ಳ ಲ್ಯಾಪ್‌ಟಾಪಿನಲ್ಲೇ ಇರಲಿ, ಗೋಡೆಯಲ್ಲಿರಲಿ, ಬೇಕಾದರೆ ತನ್ನ ತಲೆಯೊಳಗೇ ಇರಲಿ. ಹೊರಗೆ ಮಳೆ ಹಿಡಿಯಿತು. ಲ್ಯಾಪ್‌ಟಾಪ್ ಒಮ್ಮೆ ಆರಿ, ತಾನಾಗಿ ಹೊತ್ತಿಕೊಂಡು, ಹೊಸ ಅಡಿಪಾಯದ ಮೇಲೆ ಹೊಸ ಸಿಸ್ಟಮ್ ಹಾಕಿಕೊಳ್ಳತೊಡಗಿತು. ನೀಲಿ ಗೆರೆ ನಿಧಾನಕ್ಕೆ ಉದ್ದವಾಯಿತು. ಗೆರೆ ತುದಿ ಮುಟ್ಟುವ ಮೊದಲೇ ಫೋನು ಕುಯ್ಯೆಂದಿತು.

“ಪೊನ್ನಾನಿನಾ? ವಾಸಿ ಬಿಡು. ಮೀನು ಚೆನ್ನಾಗಿರತ್ತೆ. ನಾನೂ ಬರ್ತಿರ್ತೀನಿ.”

ಡೆಲ್ನ ಅಳಲಿಲ್ಲ. ಅವನಿಗೆ ಹೆದರಿದ್ದಾಗ ಓಡಿಹೋಗಲು ಒಂದು ಮನೆಯಿತ್ತು. ಈಗ ಬಂದ ಹೆದರಿಕೆಗೆ ಅದೂ ಇರಲಿಲ್ಲ.

“ದಿನಾ ಫೋನ್ ಮಾಡಿ ಅಮ್ಮಚ್ಚೀ ಅಮ್ಮಚ್ಚೀ ಅಂತ ಅತ್ತಿರ್ತಾನೆ ಕಣೇ,” ಟೀಚರ್ ಮೆಲ್ಲಗೆ ಹೇಳಿದರು. “ಬದಲಾಗಿದೀನಿ ಅಂದಿರ್ತಾನೆ. ಮಗಳ ಸಂಸಾರ ಸರಿಹೋಗ್ಲಿ ಅಂತ ಅವರ ಆಸೆ. ಕೇಡು ಬಗೆಯೋ ಹೆಂಗಸಲ್ಲ.”

“ಗೊತ್ತು. ಅದಕ್ಕೇ ಭಯ.”

“ಜಗಳ ಮಾಡ್ಬೇಡ. ಮಾಡಿದ್ರೆ ಅದೂ ಅವನಿಗೆ ಹೋಗತ್ತೆ. ನೀನು ಮರಯೂರಿಗೇ ಹೋಗು. ಅವನು ಪೊನ್ನಾನಿಯಲ್ಲೇ ಹುಡುಕ್ತಾ ಇರ್ಲಿ.”

ಮನೆಗೆ ಬಂದಾಗ ಅಮ್ಮಚ್ಚಿ ಮಂಚದ ಮೇಲೆ ಪೆಟ್ಟಿಗೆ ತೆರೆದಿಟ್ಟುಕೊಂಡು ಕೂತಿದ್ದಳು.

“ಕಡಲಬದಿ ಅಲ್ವಾ, ಸೆಖೆ. ಬರೀ ಹತ್ತಿ ಬಟ್ಟೆ ಇಟ್ಟಿದೀನಿ ನೋಡು. ದಪ್ಪದ್ದೆಲ್ಲ ತೆಗೆದೆ.”

ಮರಯೂರಿನಲ್ಲಿ ಈಗ ಹಲ್ಲು ಕಟಕಟ ಅನ್ನುವ ಚಳಿ ಎಂದು ಸಿಸ್ಟರ್ ಹೇಳಿದ್ದರು. ಡೆಲ್ನ ಸುಮ್ಮನೆ ತಲೆಯಾಡಿಸಿದಳು. ಅಮ್ಮಚ್ಚಿ ಮಗಳ ಮುಂಗೈ ಹಿಡಿದು, ಮುರಿದು ಕೂಡಿದ ಜಾಗವನ್ನು ಅಭ್ಯಾಸಬಲದಿಂದ ನೀವಿದಳು. ಆ ಕೈ ಎಷ್ಟು ಬೆಚ್ಚಗಿತ್ತೆಂದರೆ ಎಲ್ಲ ಹೇಳಿಬಿಡಬೇಕೆನಿಸಿತು. ಹಾಗೆ ಅನಿಸಿದ್ದಕ್ಕೇ ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು.

“ಹತ್ರಾನೇ ಆಯ್ತು ಬಿಡು,” ಅಮ್ಮಚ್ಚಿಯ ಮುಖ ಅರಳಿತ್ತು. “ಬರೋ ಭಾನುವಾರ ಇಗರ್ಜಿ ಮುಗಿಸ್ಕೊಂಡು ಹಾಗೇ ಬಸ್ ಹತ್ತಿ ಬಂದ್ಬಿಡ್ತೀನಿ. ಬೀಫ್ ಹುರ್ಕೊಂಡು ತರ್ತೀನಿ. ಬರಲಾ ಮೋಳೇ?”

ಪೊನ್ನಾನಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಡಬ್ಬಿಯ ಚೀಲ ಹಿಡಿದು, ಬಂದವರ ಮುಖವನ್ನೆಲ್ಲ ನೋಡುತ್ತ ನಿಂತ ಅಮ್ಮಚ್ಚಿ ಡೆಲ್ನಳ ಕಣ್ಣಿಗೆ ಕಟ್ಟಿದಳು.

“ಬಾ ಅಮ್ಮಚ್ಚಿ,” ಅಂದಳು. “ಬಸ್‌ಸ್ಟ್ಯಾಂಡಿಗೆ ನಾನೇ ಬಂದಿರ್ತೀನಿ.”