ಮೈನಸ್ ಹದಿನೆಂಟು

ಹುಳಿ ವಾಸನೆ, ಎಲ್ಲಿಂದ, ಸಿಂಕಿನಿಂದಲ್ಲ, ಈಗಷ್ಟೇ ತೊಳೆದಿದ್ದೇನೆ, ಒರೆಸುವ ಬಟ್ಟೆಯದೂ ಅಲ್ಲ, ಈ ಫ್ರೀಜರಿನ ಬಾಗಿಲು ತೆರೆದ ಕೂಡಲೇ ಮುಖಕ್ಕೆ ರಾಚಿದ್ದು, ಆದರೆ ಹೇಗೆ, ಮುಂದುಗಡೆ ಹಸಿರು ಅಕ್ಷರದಲ್ಲಿ ಮೈನಸ್ ಹದಿನೆಂಟು ಅಂತ ಇದೆಯಲ್ಲ, ಒಳಗೆ ಮೋಟರು ಗುಂಯ್ ಅನ್ನುತ್ತಿದೆಯಲ್ಲ, ಕಲ್ಲಿನಂತಿರಬೇಕಾದ ಪೊಟ್ಟಣ ಮೆತ್ತಗಿದೆ, ಇನ್ನೊಂದು, ಅದೂ, ಕೈ ತಳದವರೆಗೆ ಹೋಗುತ್ತದೆ, ಎಲ್ಲವೂ ಮೆತ್ತಗೆ, ಒಡೆದು ನೀರು ಬೇರೆ ಗಷ್ಟು ಬೇರೆ — ನನ್ನ ಹಾಲು, ನನ್ನ ಮೈಯಿಂದ ಹಿಂಡಿ ತೆಗೆದಿಟ್ಟ ಹಾಲು. ಔಷಧಿ ಶುರು ಮಾಡಿದ್ಮೇಲೆ ಮಗುಗೆ ನಿಮ್ ಹಾಲು ಕೊಡೋ ಹಾಗಿಲ್ಲಮ್ಮ, ಈ ಗಡ್ಡೆ ಕಾಯಲ್ಲ, ಏನಿದ್ರೂ ಈಗ್ಲೇ ತೆಗ್ದಿಟ್ಕೊಳ್ಳಿ, ಎಂದಿದ್ದರು ಡಾಕ್ಟರು, ನಾನು ಬ್ಲೌಸು ಹೊಲಿಯುವುದನ್ನು ನಿಲ್ಲಿಸಿ, ಹೊಲಿಗೆ ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿ, ಹಗಲೆಲ್ಲ ಹಾಲು ತೆಗೆಯುತ್ತ ಕೂತೆ, ನೋವಿಗೆ ಹಲ್ಲು ಕಚ್ಚಿ, ಈ ಹುಡುಗಿಗೆ ಡಬ್ಬಿ ಪುಡಿ ಒಗ್ಗುವುದಿಲ್ಲ, ಕುಡಿದದ್ದೆಲ್ಲ ಕಕ್ಕಿ ನೀಲಿಗಟ್ಟುತ್ತಾಳೆ, ನೋಡಿದ್ದೇನಲ್ಲ.

ಹಳೇ ಫ್ರಿಜ್ಜಿನ ಪುಟ್ಟ ಖಾನೆ ತುಂಬಿದ ಮೇಲೆ ದೊಡ್ಡದು ಬೇಕಾಯಿತು, ಅಂಗಡಿಗೆ ಹೋಗೋಣ ರೀ ಅಂದೆ, ಬೇಡ್ಕೊಂಡೆ, ಇವರು ತಮ್ಮ ಅಣ್ಣನ ಮಾತು ಕೇಳಿದರು, ಆ ಮಹಾಶಯ ಸೋಫಾದಲ್ಲಿ ಕಾಲು ಚಾಚಿ, ಮೊಬೈಲಿನಲ್ಲಿ ಕಡಿಮೆ ಬೆಲೆಗೆ ಮಾರುವ ಯಾವನನ್ನೋ ಹುಡುಕಿ ತೋರಿಸುತ್ತ, ಅಂಗಡಿಯೋನ ಬಾಡಿಗೆ ನಾವ್ಯಾಕಪ್ಪ ಕಟ್ಬೇಕು, ಅದೇ ಕಂಪನಿ, ಅದೇ ಮಾಲು, ಡಬ್ಬ ಮಾತ್ರ ಬೇರೆ. ಡಬ್ಬ ಬೇರೆಯಂತೆ. ಭಾವನವರೇ, ನಿಮ್ಮ ಮಾಲು ಬಂದು ಮುಟ್ಟಿ ನೋಡಿ, ಈ ಗಷ್ಟಿನಲ್ಲಿ ಕೈ ಅದ್ದಿ ನೋಡಿ. ಬಿಲ್ ಎಲ್ರೀ ಅಂದರೆ ಮೆಸೇಜ್ ಬರತ್ತೆ ಅಂದರು ಇವರು, ಬರಲಿಲ್ಲ, ವಾರಂಟಿ ಕಾರ್ಡಿನಲ್ಲಿ ಕಂಪನಿಯ ಹೆಸರಿನಲ್ಲೇ ಒಂದಕ್ಷರ ತಪ್ಪು, ನಾನು ತೋರಿಸಿದೆ, ನೀನು ಎಲ್ಲದ್ರಲ್ಲೂ ಹುಳುಕು ಹುಡುಕ್ತೀಯ ಬಿಡೇ ಅಂದರು. ಹುಳುಕು ನಾನು ಹುಡುಕಿದೆನಂತೆ.

ಮೊದಮೊದಲು ತಣ್ಣಗೇ ಇತ್ತು, ಅದಕ್ಕೇ ನಂಬಿದೆವು, ಆಮೇಲಿನ ಪೊಟ್ಟಣಗಳನ್ನೆಲ್ಲ ಇದರಲ್ಲಿ ಜೋಡಿಸಿ, ಯಾರೂ ತೆಗೀಬಾರ್ದು, ತಂಪೆಲ್ಲ ಹೊರಗೆ ಹೋಗತ್ತೆ ಅಂತ, ಲಂಗಕ್ಕೆ ಹಾಕುವ ಲಾಡಿಯಿಂದ ಬಾಗಿಲಿಗೆ ಬಿಗಿದು ಗಂಟು ಹಾಕಿದವಳು ನಾನೇ, ಮನೆಯವರೆಲ್ಲ ಹೋಗುತ್ತ ಬರುತ್ತ ಆ ಹಸಿರು ಅಂಕಿಯನ್ನಷ್ಟೇ ನೋಡುತ್ತಿದ್ದೆವು, ಅತ್ತೆ ಅಂತೂ ಮೊಮ್ಮಗಳಿಗೆ ಅದನ್ನೇ ತೋರಿಸಿ, ನೋಡೇ ನಿಂಗೆ ಊಟ, ಅನ್ನುತ್ತಿದ್ದರು, ಹಳೇ ಫ್ರಿಜ್ಜಿನ ಪುಟ್ಟ ಖಾನೆಯ ಹಾಲು ಇವತ್ತು ಬೆಳಿಗ್ಗೆ ಮುಗಿಯಿತು, ಗಂಟು ಬಿಚ್ಚಿದೆ.

ಕರೆದು ತೋರಿಸಿದ ಮೇಲೆ ಇವರು ವರಾಂಡದಲ್ಲಿ ಫೋನು ಹಿಡಿದು ಬೆವರುತ್ತಿದ್ದರು, ಮಾರಿದವನ ನಂಬರು ಚಾಲ್ತಿಯಲ್ಲಿಲ್ಲ, ಕಂಪನಿಯ ಸರ್ವಿಸ್ ಸೆಂಟರಿನ ಹುಡುಗಿ ಬೆಣ್ಣೆಯಂಥ ದನಿಯಲ್ಲಿ, ಆ ನಂಬರಿನ ಮಿಷನ್ ನಾವು ತಯಾರೇ ಮಾಡಿಲ್ಲ ಸರ್, ಹಾಗಂದಳಂತೆ, ಈಗ ಇಲ್ಲಿ ಬಾಗಿಲಲ್ಲಿ ನಿಂತು ನನಗೆ ಹೇಳುತ್ತಿದ್ದಾರೆ, ಸುಮ್ನಿರೇ, ಏನಾದ್ರೂ ಮಾಡೋಣ. ಏನು ಮಾಡ್ತೀರಿ, ಎಲ್ಲಿಂದ ತರ್ತೀರಿ, ಈ ಎದೆಯಿಂದ ಇನ್ನು ಬರುವುದು ವಿಷ, ಮೂರನೇ ಸಲದ ಔಷಧಿ ಮೈಯಲ್ಲಿ ಓಡುತ್ತಿದೆ, ಕೂದಲು ದಿಂಬಿನ ಮೇಲೆ ಬಿಡಿಸಿಕೊಂಡು ಬರುತ್ತಿದೆ, ಅದಕ್ಕೆ ಅಳಲಿಲ್ಲ ನಾನು, ಒಂದಾದರೂ ಕೊಟ್ಟೆನಲ್ಲ ಮಗುವಿಗೆ ಅಂತ ಗಟ್ಟಿಯಾಗಿದ್ದೆ, ಅದನ್ನೂ ತಿಂದುಬಿಟ್ಟಿರಲ್ಲ, ಅಣ್ಣ ತಮ್ಮ ಸೇರಿ, ಆ ಮುಖವಿಲ್ಲದ ಕಳ್ಳ ಸೇರಿ, ಅವನ ಮನೆ ಹಾಳಾಗ. ಒಳಕೋಣೆಯಿಂದ ಅತ್ತೆ, ಬಾಟ್ಲಿ ತಾರಮ್ಮ, ಕಂದ ಬೆರಳು ಚೀಪ್ತಿದೆ. ಯಾವ ಬಾಟ್ಲಿ ಅತ್ತೆ. ಮೊದಲು ಈ ಗುಂಯ್ ನಿಲ್ಲಬೇಕು, ತಲೆ ಕೊರೆಯುತ್ತಿದೆ, ಬಗ್ಗಿ ಗೋಡೆಯಿಂದ ಪ್ಲಗ್ಗನ್ನು ಕಿತ್ತೆ, ನಿಂತಿತು, ಇಡೀ ಮನೆ ನಿಶ್ಶಬ್ದವಾಯಿತು, ಮಗುವಿನ ಅಳು ಮಾತ್ರ, ಈಗ ಜೋರಾಗಿದೆ, ವಯರು ನನ್ನ ಕೈಯಲ್ಲೇ ಇದೆ, ಕರೆಂಟಿಲ್ಲ, ಏನೂ ಇಲ್ಲ, ಮತ್ತೆ ಆ ಅಂಕಿ ಯಾಕೆ ಆರಲಿಲ್ಲ, ಅದರ ಹಿಂದೆ ಬೇರೆ ಸೆಲ್ಲು ಇಟ್ಟಿದ್ದಾನೆ ಆ ಕಳ್ಳ, ಬರೀ ಅಂಕಿ ಉರಿಯಲಿಕ್ಕೆ, ಇದು ಯಾವತ್ತೂ ಒಳಗಿನದನ್ನು ಅಳೆಯಲೇ ಇಲ್ಲ, ಮಗು ಅಳುತ್ತಿದೆ, ಹಸಿರಾಗಿ, ಮಿಣುಕದೆ, ಮೈನಸ್ ಹದಿನೆಂಟು, ಮಗು ಅಳುತ್ತಿದೆ, ಮೈನಸ್ ಹದಿನೆಂಟು