ಉಡಿ ತುಂಬಿ ಕಳಿಸಿದ ದಿನ

ಬೆಟಗೇರಿಯ ನಮ್ಮ ಓಣಿಯಲ್ಲಿ ಮಗ್ಗಗಳು ನಿಂತ ಮೇಲೆ ನಾವು ಹದಿನೆಂಟು ಹೆಂಗಸರು ಪ್ರಭುಲಿಂಗ ಸಾಹುಕಾರರ ಗೋದಾಮಿನಲ್ಲಿ ಶೇಂಗಾ ಆರಿಸುತ್ತಿದ್ದೆವು. ಕಪ್ಪು ಕಾಳು, ಮುದುಡಿದ ಕಾಳು ಒಂದು ಕಡೆ, ಒಳ್ಳೆಯದು ಇನ್ನೊಂದು ಕಡೆ. ಎಲ್ಲರಿಗಿಂತ ಚುರುಕು ಕೈ ಸಿದ್ದಲಿಂಗವ್ವನದು. ಅದಕ್ಕೇ ಕ್ಯಾಮೆರಾ ಇದ್ದ ಹೊಸ ಮಶಿನ್ ಬಂದಾಗ, ಅದಕ್ಕೆ ಕಾಳು ತೋರಿಸಿ ಕಲಿಸಲು ಸಾಹುಕಾರರು ಅವಳನ್ನೇ ಕರೆದರು.

“ತಪ್ಪು ತೋರ್ಸು ಯವ್ವಾ, ನಮ್ಮ ಕೆಲಸ ಉಳೀತೈತಿ,” ಎಂದು ನಾನು ಕೈ ಹಿಡಿದು ಬೇಡಿಕೊಂಡೆ.

“ಉಂಡ ಮನಿ ಜಂತಿ ಎಣಸಬಾರದು, ಕಲ್ಪನಾ. ಕಲಿಸಿದಾಕೀನ್ನ ಸಾವಕಾರ್ರು ಕೈ ಬಿಡ್ತಾರೇನು?”

ಹದಿನೈದು ದಿನ ಒಂದು ಕಾಳೂ ತಪ್ಪದಂತೆ ಕಲಿಸಿದಳು. ಅವಳ ಪ್ರಾಮಾಣಿಕತೆಗಿಷ್ಟು ಬೆಂಕಿ ಬೀಳಲಿ.

ಮಶಿನ್ ಪೂಜೆಯ ದಿನ ಸಾಹುಕಾರರ ಹೆಂಡತಿ ಕಾಂಚನಾ ನಮ್ಮನ್ನು ಸಾಲಾಗಿ ಕೂರಿಸಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಒಂದೊಂದು ರವಿಕೆ ಖಣ, ತವರಿನಿಂದ ಮಗಳನ್ನು ಕಳಿಸುವ ಹಾಗೆ. ಸಿದ್ದಲಿಂಗವ್ವನ ಮುಂದೆ ಮಾತ್ರ ನಿಲ್ಲದೆ ದಾಟಿಹೋದರು. ಆಮೇಲೆ ಸಾಹುಕಾರರು ಕೈಮುಗಿದರು.

“ಉಡಿ ತುಂಬಿ ಕಳಸಾಕತ್ತೇವ್ರಿ ಯವ್ವಾ. ನಾಳಿಂದ ಬರೂದು ಬ್ಯಾಡ.”

ನಾವೆಲ್ಲ ಅತ್ತೆವು. ಸಿದ್ದಲಿಂಗವ್ವ ಅಳಲಿಲ್ಲ. ಮನೆಗೆ ಬರುವಾಗ ನನ್ನ ಪಕ್ಕಕ್ಕೆ ಸರಿದು, “ನನಗ ಉಡಿ ತುಂಬಲಿಲ್ಲ ನೋಡು. ನನ್ನ ಕೆಲಸಕ್ಕ ಇಟಗೊಂಡಾರ,” ಎಂದಳು. ಖುಷಿ ಮುಚ್ಚಿಡಲು ಅವಳಿಗೆ ಆಗುತ್ತಿರಲಿಲ್ಲ.

ಗಂಡ ಸತ್ತು ಹನ್ನೊಂದು ವರ್ಷವಾದವಳು. ವಿಧವೆಗೆ ಯಾರೂ ಉಡಿ ತುಂಬುವುದಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಸೆ ಅದನ್ನೂ ಮರೆಸಿತ್ತು. ನಾನು ಮರೆತಿರಲಿಲ್ಲ. “ಛಲೋ ಆತು ಬಿಡು ಯವ್ವಾ,” ಎಂದೆ. ಹೊಟ್ಟೆ ತಣ್ಣಗಾಯಿತು.

ಮರುದಿನ ಅವಳು ಬುತ್ತಿ ಕಟ್ಟಿಕೊಂಡು ಹೊರಟಳು. ನೋಡಲೆಂದೇ ನಾನು ಹಿಂದೆ ಹೋದೆ. ಅಂಥವಳು ನಾನು.

ಗೇಟಿನಲ್ಲೇ ಸಾಹುಕಾರರು ತಡೆದರು. “ನಿನಗೂ ಕೆಲಸಿಲ್ಲ ಯವ್ವಾ. ಮುತ್ತೈದಿ ಅಲ್ಲಂತ ಉಡಿ ತುಂಬಲಿಲ್ಲ, ಅಷ್ಟ.”

ಒಳಗೆ ಮಶಿನ್ ಓಡುತ್ತಿತ್ತು. ಅವಳು ಅದರ ಕಡೆ ನೋಡಲಿಲ್ಲ. ತಿರುಗಿ ನನ್ನನ್ನು ಕಂಡಳು.

“ನಿನಗ ಗೊತ್ತಿತ್ತಲ್ಲ, ಕಲ್ಪನಾ?”

“ಗೊತ್ತಿತ್ತು,” ಎಂದೆ. “ಹದಿನೇಳು ಮಂದಿಗೂ ಗೊತ್ತಿತ್ತು.”