ಕೆಂಪು ಬಳಿದ ಬೋರ್‌ವೆಲ್

ಸಹೃದಯ ವಾಚಕ ಮಹಾಶಯರೇ! ತಾವು ಊಟಕ್ಕೆ ಕುಳಿತಿದ್ದಲ್ಲಿ ದಯಮಾಡಿ ಕೈತೊಳೆದು ಏಳಿರಿ. ಈ ವೃತ್ತಾಂತವು ಅನ್ನದ ಕುರಿತಾದುದು. ಇದರಲ್ಲಿ ರಕ್ತವೂ ಇದೆ.

ಆಗ ನಾನು ಒಂದು ಕುಚ್ಚಲಕ್ಕಿ ಗಿರಣಿಯಲ್ಲಿ ಬಾಯ್ಲರಿಗೆ ಹೊಟ್ಟು ತುಂಬುವ ಕೆಲಸದಲ್ಲಿದ್ದೆ. ಮೈಗೆ ಮೆತ್ತಿದ ಬೂದಿಯಿಂದಾಗಿ ನನ್ನ ಹೆಸರೇ ‘ಬೂದಿ’ ಎಂದಾಗಿತ್ತು. ಗಿರಣಿ ಅಣ್ಣತಮ್ಮಂದಿರದು. ಅಣ್ಣ ಯಜಮಾನ, ತಮ್ಮ ಭತ್ತ ನೆನೆಸುವ ತೊಟ್ಟಿಗಳನ್ನು ನೋಡಿಕೊಳ್ಳುತ್ತಿದ್ದ. ಅಂಗಳದ ಬೋರ್‌ವೆಲ್ಲಿನ ನೀರಿನಲ್ಲಿ ಆರ್ಸೆನಿಕ್ ವಿಷವಿದೆಯೆಂದು, ಪರೀಕ್ಷಿಸಿದವರು ಅದಕ್ಕೆ ಕೆಂಪು ಬಣ್ಣ ಬಳಿದು ಹೋಗಿದ್ದರು. ಅಂದಿನಿಂದ ಆ ಮನೆಯವರು ಅದರ ಒಂದು ಹನಿಯನ್ನೂ ನಾಲಗೆಗೆ ತಾಗಿಸಿದವರಲ್ಲ. ಕುಡಿಯಲೂ ಅಡುಗೆಗೂ ದೂರದಿಂದ ನೀರು ತರುತ್ತಿದ್ದರು. ಆದರೆ ಗದ್ದೆಗೆ ಹರಿಯುತ್ತಿದ್ದುದೂ, ತೊಟ್ಟಿಗೆ ಬೀಳುತ್ತಿದ್ದುದೂ ಅದೇ ಕೆಂಪು ಬೋರಿನ ನೀರು. ಬಣ್ಣ ಬಳಿದದ್ದು ಕುಡಿಯುವವರಿಗೆ, ನೆನೆಸುವವರಿಗಲ್ಲ ಎಂದು ಅವರು ತಿಳಿದಿದ್ದರು.

ತಮ್ಮನ ಹೆಂಡತಿ ಬಸುರಿ. ಅವಳ ಅಂಗೈಯ ಚರ್ಮ ಗಂಟುಗಂಟಾಗಿ ಗಡುಸಾಗಿತ್ತು. ಮೊದಲೆರಡು ಕೂಸುಗಳು ಹೊಟ್ಟೆಯಲ್ಲೇ ಸತ್ತಿದ್ದವು. ಡಾಕ್ಟರು ಮನೆಯ ಅಕ್ಕಿಯನ್ನು ಪರೀಕ್ಷೆಗೆ ಕಳಿಸಿದರು. ವಿಷ ಅದರಲ್ಲಿತ್ತು.

ಫಲಿತಾಂಶ ಬಂದ ಮಧ್ಯಾಹ್ನ, ಯಜಮಾನನೂ ನಾನೂ ಜಗಲಿಯಲ್ಲಿ ಊಟಕ್ಕೆ ಕುಳಿತಿದ್ದಾಗ, ತಮ್ಮ ಸುತ್ತಿಗೆ ಹಿಡಿದು ಅಂಗಳಕ್ಕೆ ಬಂದ.

“ಅಣ್ಣಾ, ಬೋರ್ ನೀನು ನಿಲ್ಲಿಸ್ತೀಯೋ, ನಾನು ನಿಲ್ಲಿಸ್ಲೋ?”

“ಬೋರ್ ನಿಂತ್ರೆ ಗಿರಣಿ ನಿಲ್ಲತ್ತೆ ಕಣೋ. ಅಪ್ಪ ಇದೇ ಅನ್ನ ತಿಂದು ಗುಂಡುಕಲ್ಲಿನ ಹಾಗಿದ್ರು. ಪಾತ್ರೆ ಉಜ್ಜೋ ಕೈ ಮೆತ್ತಗಿರೋಕೆ ನಿನ್ನ ಹೆಂಡ್ತಿ ಏನು ಮಹಾರಾಣಿನಾ?”

“ಎರಡು ಕೂಸು ಮಣ್ಣು ಮಾಡಿದೀನಿ. ಇದನ್ನ ಮಾಡಲ್ಲ.”

ಮೊದಲ ಏಟು ಪಂಪಿನ ಮೇಲೆ ಬಿತ್ತು. ಎರಡನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಅಣ್ಣ ಎತ್ತಿಕೊಂಡಿದ್ದ ಬಾಯ್ಲರಿನ ಕಬ್ಬಿಣದ ಸಲಾಕೆ ಅವನ ಮೊಣಕೈಗೆ ಬಡಿಯಿತು. ಒಣಕಟ್ಟಿಗೆ ಮುರಿದಂತೆ ಸದ್ದಾಯಿತು. ಬಿದ್ದವನ ಪಕ್ಕೆಗೆ ಅಣ್ಣ ಒದ್ದ, ಮತ್ತೆ ಒದ್ದ. ತಮ್ಮನ ಬಾಯಿಂದ ರಕ್ತ ಹೊಟ್ಟಿನ ರಾಶಿಗೆ ಚಿಮ್ಮಿತು. ನಾನು ಅಣ್ಣನನ್ನು ಹಿಂದಿನಿಂದ ತಬ್ಬಿ ಹಿಡಿದೆ. ಅವನ ತಲೆ ನನ್ನ ಮೂಗಿಗೆ ಗುದ್ದಿತು. ಕಣ್ಣು ಕತ್ತಲಿಟ್ಟು ಕೈ ಸಡಿಲಿತು.

ಅಷ್ಟರಲ್ಲಿ ಅಡುಗೆಮನೆಯಿಂದ ತಮ್ಮನ ಹೆಂಡತಿ ಬಂದಳು. ಕೈಯಲ್ಲಿ ಆಗತಾನೆ ಬಸಿದ ಗಂಜಿಯ ಪಾತ್ರೆ.

“ನೀವೂ ರುಚಿ ನೋಡಿ ಭಾವ!” ಎನ್ನುತ್ತ ಮುಖಕ್ಕೆ ಎರಚಿದಳು.

ಅಣ್ಣ ಊಳಿಟ್ಟ. ಕೆನ್ನೆಯ ಚರ್ಮ ಕಣ್ಣೆದುರಿಗೇ ಉಬ್ಬಿ ಸುಲಿಯಿತು. ನಾನು ಬೋರಿನ ಬಾಯಿಗೆ ಬಕೆಟ್ ಹಿಡಿದು, ತುಂಬಿಸಿಕೊಂಡು ಓಡಿಬಂದೆ. ಅವನು ಬೆಂದ ಮುಖವನ್ನು ಅಂಗೈಗಳಿಂದ ಮುಚ್ಚಿಕೊಂಡು ಕಿರುಚಿದ:

“ಅದು ಬೇಡ್ವೋ ಬೂದಿ! ಅದು ವಿಷ! ಮನೆ ನೀರು ತಾರೋ!”

ನೆಲದಲ್ಲಿದ್ದ ತಮ್ಮ ತಲೆಯೆತ್ತಿದ.

“ಹಾಗಾದ್ರೆ ಕುಡಿಯದಿದ್ರೂ ಅದು ವಿಷಾನೇ ಅಂತ ಗೊತ್ತಿತ್ತಾ ನಿಂಗೆ?”

ಅಣ್ಣ ನರಳುತ್ತ ಆಚೆ ತಿರುಗಿದ.

ಅವಳು ಒಳಗಿನಿಂದ ಕುಡಿಯುವ ನೀರಿನ ಕೊಡವನ್ನೇ ಎತ್ತಿ ತಂದು ಅವನ ಮುಖದ ಮೇಲೆ ಬರಿದಾಗುವವರೆಗೆ ಸುರಿದಳು. ಅತ್ತ ಅವಳ ಗಂಡ ಎಡಗೈಯಲ್ಲೇ ಸುತ್ತಿಗೆ ಎತ್ತಿ ಪಂಪನ್ನು ಬಡಿದ. ಮೋಟಾರು ಕಿಡಿ ಕಾರಿ ಸತ್ತಿತು. ತೊಟ್ಟಿಗೆ ಬೀಳುತ್ತಿದ್ದ ನೀರು ನಿಂತಿತು.

ಮೂವರನ್ನೂ ಒಂದೇ ಗಾಡಿಯಲ್ಲಿ ಆಸ್ಪತ್ರೆಗೆ ಕಳಿಸಿದೆ. ಗಾಡಿ ಹತ್ತುವಾಗ ಅವಳು, “ಬೂದಿ, ನಾವು ಇಲ್ಲಿಗೆ ಮತ್ತೆ ಬರಲ್ಲ. ನೀನೂ ಇಲ್ಲಿ ಉಣ್ಬೇಡ,” ಎಂದಳು.

ಬಾಯ್ಲರನ್ನು ಆರಿಸುವ ಮೊದಲು, ಅರ್ಧ ಉಂಡಿದ್ದ ನನ್ನ ತಟ್ಟೆಯ ಅನ್ನವನ್ನು ಅದರ ಬೆಂಕಿಗೇ ಸುರಿದೆ. ಬಳಿಕ ಎರಡು ಅಂಗಿ, ರಟ್ಟು ಕಿತ್ತ ಕಾದಂಬರಿಗಳು, ಒಂದು ಕಂಬಳಿ, ಇಷ್ಟನ್ನು ಗಂಟು ಕಟ್ಟಿ, ಮೂಗಿನ ರಕ್ತ ಒರೆಸಿಕೊಂಡು ರಸ್ತೆಗಿಳಿದೆ.